ಭರಮಪ್ಪನ ಪಾಳಿ

ಡಬರಿಯ ಒಂದು ಕಿವಿ ಹಿಡಿದು ನೀಲಪ್ಪ ಹೊರಗೆ ಎಳೆಯುತ್ತಿದ್ದ. ಇನ್ನೊಂದು ಕಿವಿ ಹಿಡಿದು ಸಿದ್ದವ್ವ ಒಳಗೆ ಎಳೆಯುತ್ತಿದ್ದಳು. ಡಬರಿ ಬಾಲವಾಡಿಯ ಹೊಸ್ತಿಲ ಮೇಲೆ ಅತ್ತಲೂ ಹೋಗದೆ ಇತ್ತಲೂ ಬಾರದೆ ಕಿರ್ರೆನ್ನುತ್ತಿತ್ತು.

“ಬಿಡ್ರಿ ಅಕ್ಕೋರ. ನಮ್ಮ ಮಾವಗ ನೀರು ಕಾಸಬೇಕು. ಹೆಣ ತೊಳ್ಯಾಕ ಸಾಲುವಂಥ ಭಾಂಡಿ ಕೇರ್ಯಾಗ ಇದೊಂದ ಐತಿ.”

“ಮಕ್ಕಳ ಉಪ್ಪಿಟ್ಟಿನ ಡಬರಿ ಐತೋ ಇದು. ನಾಳಿ ಇದರಾಗ ನಾ ಗೋಧಿ ನುಚ್ಚು ಕುದಸ್ಬೇಕು.”

“ನಾಳಿ?” ನೀಲಪ್ಪ ಎಳೆಯುವುದನ್ನು ನಿಲ್ಲಿಸಿದ, ಕಿವಿ ಮಾತ್ರ ಬಿಡಲಿಲ್ಲ. “ನಾಳಿ ಬಾಲವಾಡಿ ಇಲ್ಲೆಲ್ಲಿ ಇರತೈತ್ರಿ? ಹಾಲವ್ವ ಗೌಡ್ತಿ ಪಡಸಾಲ್ಯಾಗ ಇರತೈತಿ. ಅಲ್ಲಿ ತಾಮ್ರದ ಹಂಡೆ ಅದಾವು, ನಿಮಗೇನು ಕಡಿಮಿ.”

ಸಿದ್ದವ್ವನ ಕೈ ಸಡಿಲಾಯಿತು. ಅವಳು ಹದಿನಾಲ್ಕು ವರ್ಷದಿಂದ ಹತ್ತಿಮತ್ತೂರಿನ ಈ ಕೇರಿಯ ಒಂದೇ ಕೋಣೆಯಲ್ಲಿ ಬಾಲವಾಡಿ ನಡೆಸಿಕೊಂಡು ಬಂದವಳು. ಮಾತಿಗೆ ಮಾತು ಕೊಡುವುದರಲ್ಲಿ ಅವಳೇನು ಹಿಂದೆ ಬಿದ್ದವಳಲ್ಲ. ಆದರೆ ನೀಲಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ; ಮಕ್ಕಳನ್ನು ಕಾಯುವವರು ಇಲ್ಲದಿದ್ದರೆ ಬಾಲವಾಡಿ ಮೇಲಿನ ಓಣಿಗೆ ಎಂದು ಹಾಲವ್ವ ಮೊದಲೇ ಹೇಳಿದ್ದಳು.

ಆಚೆ ಕಟ್ಟೆಯ ಹತ್ತಿರ ಬಿದಿರು ಸೀಳುತ್ತಿದ್ದ ಗೌಸಸಾಬ ಕೊಡಲಿ ಕೆಳಗಿಟ್ಟ. “ಏನೋ ಇದು, ಗೋಡಿ ಆಚಿಗೆ ಹೆಣ ಇಟ್ಕೊಂಡು ಡಬರಿ ಜಗ್ಗ್ಯಾಡ್ತೀರಿ? ನಮ್ಮ ಮನ್ಯಾಗ ಮದಿವಿ ಹಂಡೆ ಐತಿ, ತರ್ತೇನಿ ತಡೀರಿ.”

“ಬಿರ್ಯಾನಿ ಮಾಡೂ ಹಂಡೆ ಅಲ್ಲೇನೋ ಅದು?” ಅಂದ ನೀಲಪ್ಪ. “ಮಾವ ಮಸಾಲಿ ವಾಸನಿ ಹಚ್ಕೊಂಡು ಮಣ್ಣಿಗೆ ಹೋಗ್ಲೇನು?”

“ಹೋಗ್ಲಿ ಬಿಡು. ಬದುಕಿದ್ದಾಗಂತೂ ನೀ ಒಂದಿನ ಉಣಸ್ಲಿಲ್ಲ.”

ನೀಲಪ್ಪ ಕಿವಿ ಬಿಟ್ಟ. ಡಬರಿ ಒಳಗೆ ಜಾರಿ ಸಿದ್ದವ್ವನ ಕಾಲ ಮೇಲೆ ಬಿತ್ತು. ಅವಳು ಅದನ್ನು ಗೋಡೆಗೆ ಒರಗಿಸಿ ಕಾಲು ಉಜ್ಜಿಕೊಂಡಳು.

ಸತ್ತವನು ಭರಮಪ್ಪ. ನೀಲಪ್ಪನ ಅಕ್ಕನ ಗಂಡ. ಊರಿಗೆ ಇದೇನು ದೊಡ್ಡ ಸುದ್ದಿಯಲ್ಲ. ರಾತ್ರಿಯೆಲ್ಲ ಹೊಲ ಕಣ ಕಾಯುವ ಕೆಲಸ ಅವನದು. ಎಂಬತ್ತೆಂಟರ ಮಾಗಿಯ ಆ ಬೆಳಗ್ಗೆ ಎಂದಿನಂತೆ ಬಂದು ಬಾಲವಾಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ. ಮಕ್ಕಳು ಬಂದು ಎಂದಿನಂತೆ ಹೊಟ್ಟೆಯ ಮೇಲೆ ಹತ್ತಿದವು, ಮೀಸೆ ಜಗ್ಗಿದವು. ಅವನು ಏಳಲಿಲ್ಲ. ಮಕ್ಕಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಬಾಗಿಲು ತೆಗೆಯಲು ಬಂದ ಸಿದ್ದವ್ವನಿಗೆ ಮಾತ್ರ ದೂರದಿಂದಲೇ ಗೊತ್ತಾಯಿತು. ಅಷ್ಟು ಹೊತ್ತು ಗೊರಕೆ ಹೊಡೆಯದೆ ಮಲಗುವ ಗಂಡಸು ಅವನಲ್ಲ.

ಈಗ ಹೆಣ ಪಕ್ಕದ ಮನೆಯಲ್ಲಿತ್ತು. ಮನೆಗೂ ಬಾಲವಾಡಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಮಗಳು ಶೇಖವ್ವನನ್ನು ರಟ್ಟೀಹಳ್ಳಿಗೆ ಕೊಟ್ಟಿದ್ದರು. ಕರೆಯಲು ಹೋದವರು ಬಸ್ಸಿನ ದಾರಿಯಲ್ಲಿದ್ದರು. ಅವಳು ಬರುವವರೆಗೆ ಹೆಣ ಎತ್ತುವಂತಿಲ್ಲ, ಹೆಣ ಎತ್ತುವವರೆಗೆ ಕೇರಿಯಲ್ಲಿ ಯಾರೂ ಒಲೆ ಹೊತ್ತಿಸುವಂತಿಲ್ಲ. ಬಾಲವಾಡಿಯ ಒಲೆಯೂ ಕೇರಿಯ ಒಲೆಯೇ.

*

ಎಪ್ಪತ್ನಾಲ್ಕರಲ್ಲಿ ಭರಮಪ್ಪ ಮೊದಲ ಸಲ ಬಾಲವಾಡಿಗೆ ಬಂದಾಗ ಶೇಖವ್ವ ಅವನ ಹೆಗಲ ಮೇಲಿದ್ದಳು. ಹೆಂಡತಿ ಹೊನ್ನವ್ವ ಜ್ವರ ಬಂದು ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಕೂಸಿಗೆ ಮೂರು ತುಂಬಿತ್ತೋ ಇಲ್ಲವೋ.

“ಇದನ್ನ ಇಟ್ಕೋರಿ ಅಕ್ಕೋರ,” ಅಂದ. “ನಾ ಹಗಲೊತ್ತು ಮಲಗಬೇಕು. ಇದು ಮಲಗಗೊಡಾಂಗಿಲ್ಲ.”

“ಇಟ್ಕೋತೇನಿ. ಆದ್ರ ಪಾಳಿ ಬಂದ ದಿನ ನಿಮ್ಮ ಮನೀಂದ ಒಬ್ಬರು ಬಂದು ಕುಂದ್ರಬೇಕು.”

ಈ ಪಾಳಿಯ ನಿಯಮ ಹುಟ್ಟಿದ್ದು ಒಂದು ಹೆದರಿಕೆಯಿಂದ. ಬಾಲವಾಡಿ ಊರ ಮಹಿಳಾ ಮಂಡಳದ್ದು. ಮಂಡಳಕ್ಕೆ ಒಬ್ಬ ಅಕ್ಕೋರನ್ನು ಇಡುವಷ್ಟೇ ಶಕ್ತಿ, ಆಯಾ ಇರಲಿಲ್ಲ. ಒಂದು ದಿನ ಸಿದ್ದವ್ವ ಹಿಂಬದಿಯ ಒಲೆಯ ಮುಂದೆ ಕೂತಿದ್ದಾಗ ಮುಂದಿನ ಬಾಗಿಲಿನಿಂದ ಒಂದು ಕೂಸು ಎದ್ದು ಬಾವಿಯ ದಂಡೆಗೆ ಹೋಗಿ ಬಗ್ಗಿ ನೋಡುತ್ತಿತ್ತು. ಯಾರೋ ನೀರಿಗೆ ಬಂದವರು ಅಂಗಿ ಹಿಡಿದು ಎಳೆದರು. ಅಂದಿನಿಂದ ದಿನಕ್ಕೆ ಒಂದು ಮನೆಯಿಂದ ಒಬ್ಬರು ಬಂದು ಮಕ್ಕಳನ್ನು ನೋಡಿಕೊಳ್ಳಬೇಕು, ಯಾರೂ ಬರದ ದಿನ ಬಾಗಿಲು ತೆಗೆಯಬಾರದು ಎಂದು ಮಂಡಳ ಕಟ್ಟುನಿಟ್ಟು ಮಾಡಿತು. ಒಳ್ಳೆಯ ನಿಯಮ. ಆದರೆ ತಾಯಂದಿರು ಹತ್ತಿ ಬಿಡಿಸಲು ಹೋಗುವವರು. ಒಂದು ದಿನ ಕೂತರೆ ಅಂದಿನ ಕೂಲಿ ಹೋಯಿತು. ಇನ್ನು ಗಂಡಸರನ್ನು ಯಾರೂ ಕೇಳಿರಲೂ ಇಲ್ಲ.

“ನಮ್ಮ ಮನ್ಯಾಗ ಇರೋದ ಇಬ್ಬರು,” ಅಂದ ಭರಮಪ್ಪ. “ಈಕಿ ಅಂತೂ ಬಂದ ಬರ್ತಾಳ. ಉಳದಾಂವ ನಾ.”

“ಇಲ್ಲೀತನಕ ಗಂಡಸ್ರು ಬಂದಿಲ್ಲಪ್ಪ.”

“ಹಂಗಾರ ಬ್ಯಾಡಂತೀರೇನು?”

“ಬ್ಯಾಡನ್ನಾಂಗಿಲ್ಲ. ಮಾಡೋದೇನು ಗೊತ್ತೈತೇನು? ಸುಂಬಳ ಒರಸ್ಬೇಕು, ಕುಂಡಿ ತೊಳೀಬೇಕು.”

“ಎಮ್ಮಿ ಮೈ ತೊಳದೇನಿ, ಎತ್ತಿನ ಮೈ ತೊಳದೇನಿ. ಇವು ಅವಕ್ಕಿಂತ ಸಣ್ಣವ ಅದಾವಲ್ಲ.”

ಮರುದಿನ ಬಂದು ಕೂತ. ಕೂತ ಅನ್ನುವುದಕ್ಕಿಂತ ಗೋಡೆಗೆ ಒರಗಿ ಅರೆಗಣ್ಣು ಮುಚ್ಚಿದ. ಆದರೆ ಯಾವ ಕೂಸಾದರೂ ಹೊಸ್ತಿಲ ಮೇಲೆ ಕಾಲಿಟ್ಟರೆ ಸಾಕು, ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಹಿಡಿಯುತ್ತಿದ್ದ. ಕತ್ತಲಲ್ಲಿ ಹೊಲ ಕಾಯುವವನಿಗೆ ಕಿವಿಯೇ ಕಣ್ಣಾಗಿತ್ತು.

ಮೂರನೆಯ ದಿನವೂ ಬಂದ, ನಾಲ್ಕನೆಯ ದಿನವೂ ಬಂದ. ಸಿದ್ದವ್ವ ಕೇಳಿದಳು, “ನಿನ್ನ ಪಾಳಿ ಮುಗದೈತಲ್ಲ ಭರಮಪ್ಪ?”

“ಇವತ್ತಿನ ಪಾಳ್ಯಾವರು ಬಂದಾರೇನ್ರಿ?”

“ಇಲ್ಲ.”

“ಮತ್ತ?” ಅಂದು ಅವನು ಸರಿಯಾಗಿ ಕೂತ. ಮಾತಾಡಲು ಒಂದು ಕಾರಣ ಸಿಕ್ಕಂತಿತ್ತು. “ನಾ ಹುಟ್ಟಿದ್ದು ಹಾನಗಲ್ ಕಡೆ. ಕೆರಿ ಕೆಳಗಿನ ಗದ್ಯಾಗ ನೀರು ಕಟ್ಟೋ ಕೆಲಸ ಮಾಡಿದಾಂವ. ಅಲ್ಲಿ ನೀರಿಗೆ ಪಾಳಿ ಇರತೈತ್ರಿ. ನಮ್ಮ ಪಾಳಿ ದಿನ ಕಾಲವಿ ಮ್ಯಾಲ ನಮ್ಮ ಮಂದಿ ನಿಂತಿರಬೇಕು. ನಿಲ್ಲಲಿಲ್ಲಾಂದ್ರ ನೀರು ಮುಂದಿನ ಗದ್ದಿಗೆ ಹೋತು. ಎಲ್ಡು ಸಲ ತಪ್ಪಿದ್ರ ಪಾಳೀನ ಹೋತು, ಆಮ್ಯಾಲೆ ಯಾರ ಕಾಲು ಹಿಡಿದ್ರೂ ಬರಾಂಗಿಲ್ಲ. ಅದಕ್ಕ ಬಾಜೂದಾಂವ ಬರಲಿಲ್ಲಾಂದ್ರ ಅವನ ಸಲುವಾಗಿ ನಾ ನಿಲ್ಲೋದು.”

“ಇದು ನೀರಲ್ಲೋ ಭರಮಪ್ಪ, ಬಾಲವಾಡಿ. ಇದೆಲ್ಲಿಗೆ ಹರದು ಹೋಗತೈತಿ?”

“ಮ್ಯಾಲಿನ ಓಣಿಗೆ ಹೋಗತೈತ್ರಿ. ನೀರಾದ್ರ ತಗ್ಗಿಗೆ ಹರೀತೈತಿ. ಇಂಥಾವು ಮ್ಯಾಲಕ್ಕ ಹರೀತಾವು.”

ಸಿದ್ದವ್ವ ಆವತ್ತು ನಕ್ಕಳು. ಸವಣೂರಿನಿಂದ ಹೊಸದಾಗಿ ಬಂದವಳು, ಇನ್ನೂ ನಗುವ ವಯಸ್ಸು. ತಪ್ಪು ತಿಳಿದಿದ್ದಾನೆ, ನಾಲ್ಕು ದಿನ ಬಂದು ಬಿಟ್ಟುಬಿಡುತ್ತಾನೆ ಅಂದುಕೊಂಡಳು. ಶೇಖವ್ವ ಬಾಲವಾಡಿ ಮುಗಿಸಿ ಶಾಲೆಗೆ ಹೋದಳು, ಶಾಲೆ ಬಿಟ್ಟು ಹೊಲಕ್ಕೆ ಹೋದಳು, ಮದುವೆಯಾಗಿ ರಟ್ಟೀಹಳ್ಳಿಗೆ ಹೋದಳು. ಭರಮಪ್ಪ ಬರುತ್ತಲೇ ಇದ್ದ. ಅವನು ಬರುತ್ತಾನೆ ಅಂತ ಉಳಿದವರು ಬರುವುದನ್ನು ಪೂರ್ತಿ ಬಿಟ್ಟರು.

*

ಹಾಲವ್ವ ಬಂದದ್ದು ಬಿಸಿಲು ಏರಿದ ಮೇಲೆ. ಮೇಲಿನ ಓಣಿಯ ದೊಡ್ಡ ಮನೆಯವಳು, ಮಹಿಳಾ ಮಂಡಳದ ಅಧ್ಯಕ್ಷೆ. ಕೇರಿಗೆ ಬಂದದ್ದೇ ದೊಡ್ಡದು ಎಂಬಂತೆ ಇಬ್ಬರು ಎದ್ದು ಜಾಗ ಮಾಡಿದರು. ಅವಳು ಭರಮಪ್ಪನ ಮನೆಯ ಬಾಗಿಲಲ್ಲಿ ನಿಂತು ಕೈಮುಗಿದು, ಸೆರಗು ಬಾಯಿಗೆ ಹಚ್ಚಿಕೊಂಡು ಒಂದು ಗಳಿಗೆ ನಿಂತಳು. ಆ ದುಃಖ ಸುಳ್ಳಿನದಲ್ಲ. ಆಮೇಲೆ ಸಿದ್ದವ್ವನನ್ನು ಬದಿಗೆ ಕರೆದಳು.

“ನೋಡ್ರಿ ಸಿದ್ದವ್ವ, ಇದು ಹೇಳೋ ಹೊತ್ತಲ್ಲ, ಆದ್ರೂ ಹೇಳ್ತೇನಿ. ನಾಳಿಂದ ಯಾರು ಕುಂದ್ರಾವರು?”

“ಕೇಳ್ತೇನ್ರಿ.”

“ಎಷ್ಟ ವರ್ಷ ಕೇಳಿದ್ರಿ? ನಾ ಸಭಾಕ್ಕ ಬಂದು ಗಂಟ್ಲ ಹರಕೊಂಡಿಲ್ಲೇನು? ಬಂದಾಂವ ಅಂವ ಒಬ್ಬ. ನಾಳಿ ಒಂದು ಕೂಸು ಬಾವಿಗೆ ಬಿದ್ರ ನನ್ನ ಕೊರಳಿಗೆ ಬರತೈತಿ. ಮುಂಜಾನಿ ಇಲ್ಲಿಂದ ಒಬ್ಬರರ ಬಂದು ಕುಂತ್ರ ಬಾಲವಾಡಿ ಇಲ್ಲೇ ಇರ್ಲಿ. ಯಾರೂ ಬರ್ಲಿಲ್ಲಾಂದ್ರ ನಮ್ಮ ಪಡಸಾಲಿಗೆ ತರ್ರಿ. ಅಲ್ಲಿ ನೋಡ್ಕೊಳ್ಳಾಕ ಮನಿ ತುಂಬ ಮಂದಿ ಅದಾರ.”

“ಈ ಕೇರಿ ಮಕ್ಕಳು?”

“ಬರ್ಲಿ. ನಾ ಬ್ಯಾಡ ಅಂದೇನೇನು?”

ಹಿಂದೆ ನಿಂತಿದ್ದ ಅಡಿವೆವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಅವಳು ನೀಲಪ್ಪನ ಹೆಂಡತಿ. ಬೆಳಗಿನಿಂದ ಅತ್ತು ದನಿ ಒಡೆದಿತ್ತು. ಹಾಲವ್ವ ಅತ್ತ ಹೋದ ಮೇಲೆ ಸಿದ್ದವ್ವನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತಳು.

“ಬರ್ಲಿ ಅಂದ್ರು ಅವರು. ಪಡಸಾಲಿ ಮ್ಯಾಲ ಕುಂದ್ರಸ್ತಾರೋ ಅಂಗಳದಾಗ ಕುಂದ್ರಸ್ತಾರೋ, ಅದನ್ನ ಹೇಳ್ಲಿಲ್ಲ ನೋಡ್ರಿ. ಅವರ ಅತ್ತಿ ಇನ್ನೂ ಬದುಕ್ಯಾಳ. ನನ್ನ ಮಗಳು ಹೊಳೆವ್ವ ಆ ಮನಿ ನೀರಿನ ಕೊಡ ಮುಟ್ಟಿದ್ರ ಏನ್ ಆದೀತು, ನಿಮಗ ಗೊತ್ತಿಲ್ಲೇನು?”

“ಹಂಗಾರ ನಾಳಿ ನೀ ಬಾ.”

“ನಾ ಬಂದ್ರ ಕೂಲಿ ಯಾರು ತರ್ತಾರ್ರಿ? ನಾಳಿ ನಾ ಬರ್ತೇನಂತ ತಿಳೀರಿ. ನಾಡದ? ಆಚಿ ನಾಡದ? ಗಂಡಸ್ರು ಗಿರಣ್ಯಾಗ ಕೆಲಸ ಇಲ್ಲದ ದಿನ ಕಟ್ಟಿ ಮ್ಯಾಲ ಕುಂತು ಎಲಿ ತಿಂತಾರ. ಅವರನ್ನ ಕೇಳ್ರಿ.”

ಗಂಡಸರು ಈಗಲೂ ಕಟ್ಟೆಯ ಮೇಲೆಯೇ ಇದ್ದರು. ಮಣ್ಣಿನ ದಿನ ಯಾರೂ ಕೆಲಸಕ್ಕೆ ಹೋಗಿರಲಿಲ್ಲ. ಹೆಂಗಸರೆಲ್ಲ ಹೆಣದ ಸುತ್ತ ಕೂತು ಹಾಡಿಕೊಂಡು ಅಳುತ್ತಿದ್ದರು. ಆದ್ದರಿಂದ ಮಕ್ಕಳು ಇಡಿಯಾಗಿ ಅಪ್ಪಂದಿರ ಮೇಲೆ ಬಂದು ಬಿದ್ದಿದ್ದವು. ಒಬ್ಬ ತನ್ನ ಮಗನನ್ನು ಕಾದ ಪಾತ್ರೆ ಹಿಡಿದಂತೆ ಮೈಯಿಂದ ದೂರ ಹಿಡಿದಿದ್ದ. ಇನ್ನೊಬ್ಬನ ತೊಡೆ ಆಗಲೇ ಒದ್ದೆಯಾಗಿತ್ತು. ಅವನು ಅದನ್ನು ಯಾರಿಗೂ ತೋರಿಸದೆ ಟಾವೆಲ್ಲು ಮುಚ್ಚಿಕೊಂಡು ಕೂತಿದ್ದ. ಗೌಸಸಾಬ ಸಿದಿಗೆ ಕಟ್ಟಿ ಬಿಗಿದು ಹಗ್ಗ ತರಲು ಅತ್ತ ತಿರುಗಿದ್ದೇ ತಡ, ನಾಲ್ಕು ಮಕ್ಕಳು ಬಿದಿರಿನ ಮೇಲೆ ಹತ್ತಿ ಕೂತು, ಹೋ ಹೋ ಎಂದು ಬಂಡಿ ಹೊಡೆಯತೊಡಗಿದವು.

“ಏ ಏ ಏ! ಹೆಣದ ಸಿದಿಗಿ ಮ್ಯಾಲ ಹುಡುಗ್ರು ಕುಂತಾವು! ಇಳಸ್ರೋ!” ಎಂದು ಬಾಗಿಲಿನಿಂದ ಹೆಂಗಸರು ಕೂಗಿದರು.

ನೀಲಪ್ಪ ಓಡಿಬಂದು ಒಂದೊಂದನ್ನೇ ರಟ್ಟೆ ಹಿಡಿದು ಎತ್ತಿ ಇಳಿಸಿದ. ಕೊನೆಯದು ಅವನ ಮಗಳು ಹೊಳೆವ್ವ. “ನಂದಿನ್ನ ಸವಣೂರು ಬಂದಿಲ್ಲ,” ಅಂತ ಅವಳು ಬಿದಿರು ಬಿಡಲೇ ಇಲ್ಲ. ನೀಲಪ್ಪ ಕೈ ಎತ್ತಿದ. ಹೆಣದ ಮನೆಯ ಮುಂದೆ ಹೊಡೆಯುವುದು ಬೇಡ ಎಂದೋ ಏನೋ, ಆ ಕೈಯಿಂದ ತನ್ನ ತಲೆಯನ್ನೇ ಕೆರೆದುಕೊಂಡ.

ಮಧ್ಯಾಹ್ನವಾದರೂ ರಟ್ಟೀಹಳ್ಳಿಯ ದಾರಿಯಿಂದ ಯಾರೂ ಬರಲಿಲ್ಲ. ಹಸಿದ ಮಕ್ಕಳು ಒಂದು ಅತ್ತರೆ ಹತ್ತು ಅಳುತ್ತಿದ್ದವು. ಗೌಸಸಾಬನ ಹಂಡೆಯ ಕೆಳಗೆ ಮೂರು ಕಲ್ಲಿಟ್ಟು ಬೆಂಕಿ ಹಾಕಿದ್ದರು, ಅದು ಸತ್ತವನ ಬೆಂಕಿ. ಅದರ ಮೇಲೆ ಮಕ್ಕಳಿಗೆ ಏನೂ ಬೇಯಿಸುವಂತಿಲ್ಲ. ಅಡಿವೆವ್ವ ಎದ್ದಳು. ಸಿದಿಗೆಯ ಪಕ್ಕದಲ್ಲಿ, ದಾರಿಯುದ್ದಕ್ಕೂ ಹೆಣದ ಮೇಲೆ ತೂರಲು ತಂದಿಟ್ಟ ಚುರುಮುರಿಯ ಚೀಲವಿತ್ತು. ಎತ್ತಿಕೊಂಡು ಬಂದು ಬಾಲವಾಡಿಯ ನೆಲದ ಮೇಲೆ ಸುರಿದಳು.

“ಏ ಹುಚ್ಚಿ! ಸಿದಿಗಿ ಮ್ಯಾಲ ತೂರೋದು ಅದು!” ನೀಲಪ್ಪ ಅರಚಿದ.

“ತೂರಿದ್ರ ಸತ್ತಾಂವ ಆರಿಸ್ಕೊಂಡು ತಿಂತಾನೇನು?” ಅಂದಳು ಅಡಿವೆವ್ವ. ಹಿರಿಯರು ಕೆಮ್ಮಿದರು. ಮಕ್ಕಳು ತಿಂದವು.

*

ಎರಡು ವರ್ಷದ ಹಿಂದೆ ಒಂದು ಅಮಾವಾಸ್ಯೆ. ಅಮಾವಾಸ್ಯೆಗೆ ಯಾರೂ ಎತ್ತು ಹೂಡುವುದಿಲ್ಲ, ಹೊಲದ ಕೆಲಸ ಇರುವುದಿಲ್ಲ ಎಂದು ಲೆಕ್ಕ ಹಾಕಿ ಸಿದ್ದವ್ವ ಪಾಲಕರ ಸಭೆ ಇಟ್ಟಿದ್ದಳು. ತಾಯಂದಿರು ಬಂದರು. ಬಂದು, ಕೂತಲ್ಲೇ ತೂಕಡಿಸಿದರು. ಹಾಲವ್ವ ನಿಂತು, ಮಕ್ಕಳಿಗೆ ಹೊಡೆಯಬಾರದು, ಉಗುರು ಕತ್ತರಿಸಬೇಕು, ದಿನಾಲೂ ಒಬ್ಬರು ಬಂದು ಕೂಡಬೇಕು ಎಂದು ಹೇಳಿದಳು. ಅಪ್ಪಂದಿರು ಹೊರಗೆ ಕಿಟಕಿಯ ಹತ್ತಿರ ನಿಂತು ಕೇಳಿದರು. ಒಳಗೆ ಬರ್ರಿ ಅಂದರೆ, ಇಲ್ಲೇ ಚಲೋ ಕೇಳಸ್ತೈತ್ರಿ ಅಂದರು. ಒಳಗಿದ್ದ ಗಂಡಸು ಒಬ್ಬನೇ, ಭರಮಪ್ಪ. ಅವನೂ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ, ತೊಡೆಯ ಮೇಲೆ ಹೊಳೆವ್ವ. ಅವಳಿಗಾಗ ಎರಡೂವರೆ ವರ್ಷ.

ಸಭೆ ಮುಗಿದ ಮೇಲೆ ಕಟ್ಟೆಯ ಮೇಲೆ ಎಲ್ಲರೂ ಕೂತರು. ಭರಮಪ್ಪ ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ, ಅಡಕಿ ಇಟ್ಟು, ನೀಲಪ್ಪನ ಕಡೆ ಚಾಚಿದ.

ನೀಲಪ್ಪ ಕೈ ಮುಂದೆ ಮಾಡಲಿಲ್ಲ. “ಮಾವ, ಇವತ್ತ ಎಷ್ಟು ಕುಂಡಿ ತೊಳದಿ?”

ಎಲ್ಲರೂ ನಕ್ಕರು. ನಗಲೆಂದೇ ಕೇಳಿದ್ದು. ಅರಳೆ ಗಿರಣಿಯ ಹಮಾಲರ ನಡುವೆ ನೀಲಪ್ಪನಿಗೂ ಈ ಮಾವನ ದೆಸೆಯಿಂದ ಸಾಕಷ್ಟು ಮಾತು ಬಂದಿತ್ತು. ನಿಮ್ಮ ಮನ್ಯಾಗ ಗಂಡಸ್ರಿಗೆ ಆ ಕೆಲಸ ಕೊಡ್ತೀರಂತ, ಹೌದೇನೋ, ಎಂದು.

“ಎಣಸಿಲ್ಲಪ್ಪ,” ಅಂದ ಭರಮಪ್ಪ. ಎಲೆ ಹಿಡಿದ ಕೈ ಹಾಗೆಯೇ ಇತ್ತು.

“ಆ ಕೈಲೆ ಕೊಟ್ಟ ಎಲಿ ನಾ ತಿನ್ನಾಂಗಿಲ್ಲ ಹೋಗು.”

“ಇದು ಬಲಗೈ ಐತಿ ನೋಡೋ. ತೊಗೊ. ಎಡಗೈ ನಿನ್ನ ಮಗಳದು.”

ಈ ಸಲ ಯಾರೂ ನಗಲಿಲ್ಲ. ನೀಲಪ್ಪ ಎದ್ದು ಹೋದ. ಆಮೇಲೆ ಮಾವನ ಪಕ್ಕ ಅವನು ಮತ್ತೆ ಕೂತದ್ದಿಲ್ಲ. ಭರಮಪ್ಪ ಆ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು ಅಲ್ಲೇ ಅಡ್ಡಾದ.

ಆವತ್ತು ಸಂಜೆ ಬಾಗಿಲಿಗೆ ಕೀಲಿ ಹಾಕುತ್ತ ಸಿದ್ದವ್ವ ಕೇಳಿದ್ದಳು, “ನಿನಗ ಬ್ಯಾಸರ ಬರಾಂಗಿಲ್ಲೇನೋ ಭರಮಪ್ಪ?”

“ಬರತೈತ್ರಿ. ದಿನಾ ಬರತೈತಿ. ರಾತ್ರಿ ಅಲ್ಲಿ ಕುಂದ್ರೋದು, ಹಗಲು ಇಲ್ಲಿ ಕುಂದ್ರೋದು. ಒಮ್ಮೊಮ್ಮೆ ಬಿಟ್ಟು ಎಲ್ಲರ ಹೋಗಿ ಮಲಗಬೇಕು ಅನಸ್ತೈತಿ.” ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿದ. “ಆದ್ರ ನನಗ ಬ್ಯಾಸರ ಬಂತಂತ ಮಕ್ಕಳು ಹೇಲೋದು ಬಿಡಾಂಗಿಲ್ಲಲ್ರಿ.”

ಅಂದು ಹೊಲದ ಕಡೆ ನಡೆದ.

*

ಶೇಖವ್ವ ಬಂದಾಗ ಬಿಸಿಲು ಇಳಿಯುತ್ತಿತ್ತು. ಜೊತೆಗೆ ಗಂಡ ಮಂಜಪ್ಪ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ, ಅರ್ಧ ದಾರಿ ಯಾರದೋ ಬಂಡಿಯಲ್ಲಿ ಬಂದಿದ್ದರು. ಅವಳು ಅಪ್ಪನ ಮುಖ ನೋಡಿದಳು, ಎದೆ ಬಡಿದುಕೊಂಡಳು, ಅಡಿವೆವ್ವನ ಕೊರಳಿಗೆ ಬಿದ್ದಳು. ಅಳುವುದೆಲ್ಲ ಮುಗಿದು ಬಿಕ್ಕು ಮಾತ್ರ ಉಳಿದಾಗ ಸಿದ್ದವ್ವನನ್ನು ಕೇಳಿದಳು.

“ಎಲ್ಲಿ ಮಲಗಿದ್ದ ಅಕ್ಕೋರ?”

“ಕಟ್ಟಿ ಮ್ಯಾಲ.”

“ಯಾರೂ ಎಬ್ಬಿಸ್ಲಿಲ್ಲಲ್ಲ?”

“ಹುಡುಗ್ರು ಎಬ್ಬಿಸಿದ್ವು. ಏಳ್ಲಿಲ್ಲ.”

“ಚಲೋ ಆತು,” ಅಂದಳು ಶೇಖವ್ವ. “ನಾ ತಿಳದಾಗಿಂದ ಅವನ ನಿದ್ದಿ ಒಂದಿನ ಪೂರಾ ಆಗಿದ್ದಿಲ್ಲ.”

ಗಂಡಸರು ಹೆಣಕ್ಕೆ ನೀರು ಹಾಕಿದರು, ಹೊಸ ಪಂಚೆ ಹೊದಿಸಿದರು, ಸಿದಿಗೆಗೆ ಕಟ್ಟಿದರು. ನಾಲ್ಕು ಜನ ಹೆಗಲು ಕೊಡಲು ಬಗ್ಗುವಷ್ಟರಲ್ಲಿ ಸಿದ್ದವ್ವ ಮುಂದೆ ಬಂದು ನಿಂತಳು. ಅವಳ ಸೀರೆಯ ಒಂದು ಅಂಚು ಚುರುಮುರಿ ತಿಂದ ಕೂಸಿನ ಕೈಯಲ್ಲಿತ್ತು.

“ನಾಳಿ ಮುಂಜಾನಿ ಬಾಲವಾಡಿಗೆ ಯಾರು ಬರ್ತೀರಿ?”

ಎಲ್ಲರೂ ಬಗ್ಗಿದಲ್ಲೇ ತಲೆ ಎತ್ತಿ ನೋಡಿದರು. ಆಚೆ ಬೇವಿನ ಗಿಡದ ನೆರಳಲ್ಲಿ ಹಾಲವ್ವನೂ ನೋಡಿದಳು.

“ಇದನ್ನ ಕೇಳೋ ಹೊತ್ತೇನ್ರಿ ಇದು ಅಕ್ಕೋರ?” ಒಬ್ಬ ಹಿರಿಯ ಗೊಣಗಿದ. “ಹೆಣ ಎತ್ತಾಕತ್ತೇವಿ.”

“ಮತ್ಯಾವಾಗ ಕೇಳ್ಲಿ? ಹದಿನಾಕು ವರ್ಷದಾಗ ನೀವೆಲ್ಲಾ ಕೂಡಿ ನನ್ನ ಮಾತಿಗೆ ಮುಖ ಕೊಟ್ಟು ನಿಂತದ್ದು ಇವತ್ತ. ನಾಳಿ ಕರದ್ರ ಬರ್ತೀರೇನು? ಒಬ್ಬರು ಹೂಂ ಅನ್ರಿ. ಇಲ್ಲಾಂದ್ರ ಈ ಡಬರಿ, ಈ ಚಾಪಿ, ನಾನು, ಎಲ್ಲಾ ಮ್ಯಾಲಿನ ಓಣಿಗೆ. ಬೈಯಾಕ ಹೇಳವಲ್ಲೆ. ದಣದೇನಿ, ಅದಕ್ಕ ಹೇಳಾಕತ್ತೇನಿ.”

ಒಬ್ಬ ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರಿದ. ಇನ್ನೊಬ್ಬ ಸಿದಿಗೆಯ ಗಂಟನ್ನು ಮತ್ತೊಮ್ಮೆ ಬಿಗಿದ, ಅದು ಬಿಗಿಯಾಗಿಯೇ ಇತ್ತು. ತೊಡೆ ಒದ್ದೆಯಾದವನು ನೀಲಪ್ಪನ ಕಡೆ ನೋಡಿದ, ನೀಲಪ್ಪ ಆಕಾಶದ ಕಡೆ ನೋಡಿದ. ಕೊನೆಗೆ ಯಾರೋ “ಎತ್ರೋ, ಹೊತ್ತ ಮುಳುಗತೈತಿ” ಅಂದರು. ಸಿದಿಗೆ ಎದ್ದಿತು. ಸಿದ್ದವ್ವ ದಾರಿ ಬಿಟ್ಟಳು. ಹಾಲವ್ವ ನಿಟ್ಟುಸಿರು ಬಿಟ್ಟು, ತನ್ನ ಆಳನ್ನು ಕರೆದು, “ಮುಂಜಾನಿ ಬಂಡಿ ತೊಗೊಂಬಾ, ಸಾಮಾನ ಅದಾವು” ಎಂದು ಮೆಲ್ಲಗೆ ಹೇಳಿದಳು.

ಮುಂದುಗಡೆ ಹೆಗಲು ಕೊಟ್ಟವನು ನೀಲಪ್ಪ. ನಾಲ್ಕು ಹೆಜ್ಜೆ ಹೋಗಿರಬೇಕು. ಬಾಲವಾಡಿಯ ಹಿಂದಿನಿಂದ ಒಂದು ದನಿ ಬಂತು.

“ಅಜ್ಜಾ! ಆತೂ!”

ಹೊಳೆವ್ವನ ದನಿ. ಹೆಂಗಸರು ಒಮ್ಮೆಲೇ ಅಳು ಎತ್ತಿದ್ದರು. ಅಡಿವೆವ್ವನಿಗೆ ಅದು ಕೇಳಿಸಲಿಲ್ಲ. ಸಿದ್ದವ್ವನ ಹೆಗಲ ಮೇಲೆ ಶೇಖವ್ವ ಕುಸಿದಿದ್ದಳು.

“ಭರಮಜ್ಜಾ! ಆತೂ! ತೊಳಿ ಬಾ!”

ಸಿದಿಗೆಯ ಹಿಂದೆ ಯಾರೋ ಕಿಸಕ್ಕೆಂದು ನಕ್ಕು, ನಕ್ಕದ್ದಕ್ಕೆ ಹೆದರಿ ಕೆಮ್ಮಿದರು. ಹೆಣ ಹೊತ್ತವರು ನಿಂತರು. ನಿಲ್ಲಬಾರದು, ಆದರೂ ನಿಂತರು. ಮೂರನೆಯ ಸಲ ಕರೆದ ದನಿ ಅಳುವಿನ ಕಡೆ ತಿರುಗಿತ್ತು.

“ಗೌಸಣ್ಣ, ಬಾ. ಹೆಗಲ ಕೊಡು,” ಅಂದ ನೀಲಪ್ಪ.

“ಲೇ, ಓಣಿ ದಾಟೂಮಟ ಹೆಗಲ ಬದಲ ಮಾಡಬಾರದಂತೀರಲ್ಲೋ ನೀವ.”

“ಕೊಡು ಅಂದೆ.”

ಗೌಸಸಾಬ ಬಿದಿರಿನ ಕೆಳಗೆ ಹೆಗಲಿಟ್ಟ. ನೀಲಪ್ಪ ಸರಿದು, ಯಾರ ಮುಖವನ್ನೂ ನೋಡದೆ ಬಾಲವಾಡಿಯನ್ನು ಬಳಸಿ ಹಿಂದಕ್ಕೆ ಹೋದ.

ಹೊಳೆವ್ವ ಕಲ್ಲಿನ ಮೇಲೆ ಕುಕ್ಕರಿಸಿಕೊಂಡು ಲಂಗ ಎತ್ತಿ ಹಿಡಿದಿದ್ದಳು. ಅಪ್ಪನನ್ನು ನೋಡಿ ಮುಖ ಸಿಂಡರಿಸಿದಳು.

“ನೀ ಅಲ್ಲ. ಅಜ್ಜ.”

“ಅಜ್ಜ ಊರಿಗೆ ಹೊಂಟಾನ.”

“ಯಾವೂರಿಗೆ?”

“ಹಾನಗಲ್ ಕಡೆ.”

ಅವಳು ಲಂಗವನ್ನು ಇನ್ನಷ್ಟು ಮೇಲೆತ್ತಿದಳು. “ಹಂಗಾರ ನೀ ತೊಳಿ.”

ನೀರಿನ ಬಾನಿಯ ಪಕ್ಕದಲ್ಲಿ ಚರಿಗೆ ಬೋರಲು ಬಿದ್ದಿತ್ತು. ನೀಲಪ್ಪ ತುಂಬಿಕೊಂಡು ಬಂದು ಎತ್ತರದಿಂದ ಸುರಿದ. ಹೊಳೆವ್ವ ಚೀರಿ ಜಿಗಿದಳು.

“ತಣ್ಣಗೈತಿ! ಅಜ್ಜ ಹಂಗ ಹಾಕಾಂಗಿಲ್ಲ. ಮೊದ್ಲ ಕಾಲಮ್ಯಾಲ ಹಾಕಿ ನೋಡ್ತಾನ.”

“ಯಾರ ಕಾಲಮ್ಯಾಲ?”

“ತನ್ನ ಕಾಲಮ್ಯಾಲ.”

ನೀಲಪ್ಪ ತನ್ನ ಪಾದದ ಮೇಲೆ ಸುರಿದುಕೊಂಡ. ನೀರು ನಿಜಕ್ಕೂ ಕೊರೆಯುತ್ತಿತ್ತು. ಚರಿಗೆಯನ್ನು ಅಂಗೈಗಳ ನಡುವೆ ಹಿಡಿದು ಸ್ವಲ್ಪ ಹೊತ್ತು ನಿಂತ, ಅದರಿಂದ ನೀರು ಬೆಚ್ಚಗಾಗುವುದೋ ಎಂಬಂತೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಮಗಳನ್ನು ತೋಳಿಗೆ ಒರಗಿಸಿಕೊಂಡು ತೊಳೆಯತೊಡಗಿದ.

ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಓಣಿ ಕಾಣುತ್ತಿತ್ತು. ಸಿದಿಗೆ ಆ ಸಂದಿಗೆ ಬಂತು. ಓಣಿಯ ಆಚೆ ಬದಿಯಲ್ಲಿ ನಿಂತವರೆಲ್ಲ ಕೈ ಮುಗಿದರು, ಹಾಲವ್ವ ಕೂಡ. ಕೈಮುಗಿದುಕೊಂಡೇ ಅವಳು ಸಂದಿಯೊಳಗೆ ನೋಡಿದಳು. ನೋಡುತ್ತ ನಿಂತಳು. ನೀಲಪ್ಪನ ಒಂದು ಕೈಯಲ್ಲಿ ಚರಿಗೆ ಇತ್ತು, ಇನ್ನೊಂದು ಕೈ ಮಗಳ ಕೆಳಗಿತ್ತು. ಅವನು ತಲೆಯನ್ನಷ್ಟೇ ಬಗ್ಗಿಸಿದ. ಸಿದಿಗೆ ಸಂದಿಯನ್ನು ದಾಟಿತು.

ಲಂಗ ಇಳಿಸಿಕೊಂಡು ಹೊಳೆವ್ವ ಓಡಿದಳು. ನೀಲಪ್ಪ ಮೊಣಕಾಲು ಹಿಡಿದು ಏಳಲು ನೋಡಿದ. ಹಿಂದೆ ಗೌಸಸಾಬನ ಮೊಮ್ಮಗ ನಿಂತಿದ್ದ. ಅವನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೆರಡು. ಎಲ್ಲವೂ ಚಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು, ಒಂದರ ಬೆನ್ನಿಗೊಂದು ಅಂಟಿ, ಅವನ ಮುಖವನ್ನೇ ನೋಡುತ್ತಿದ್ದವು.

ನೀಲಪ್ಪ ಮತ್ತೆ ಕುಕ್ಕರಿಸಿದ. ಚರಿಗೆಯನ್ನು ಬಾನಿಯಲ್ಲಿ ಅದ್ದಿ, ಮೊದಲು ತನ್ನ ಕಾಲ ಮೇಲೆ ಹಾಕಿಕೊಂಡ.